ಮೂರು ವಾರಕ್ಕೊಂದು ಸೂಜಿ

9 ಜುಲೈ 2006, ರವಿವಾರ

ಎರಡನೇ ಸೂಜಿ ಆಯಿತು. ಈ ಸಲ ಎಡ ಸೊಂಟಕ್ಕೆ. ಗೋಕಾಕ ಫಾಲ್ಸ್‌ಗೆ ಒಂಬತ್ತರ ಬಸ್ಸು, ಮಿಲ್ ಚಾಳಿನ ಕೊನೆಯ ಮನೆ. ಗೌರವ್ವ ಸಿಸ್ಟರ್ ಮೂವತ್ತು ವರ್ಷ ನರ್ಸ್ ಆಗಿದ್ದು ರಿಟೈರ್ ಆದವರು. ಮಿರಜದ ಡಾಕ್ಟರು ಕೊಟ್ಟ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿದರು. ಹೋದ ಸಲವೂ ಓದಿದ್ದರು. ಎಣ್ಣೆಯ ಔಷಧ, ದಪ್ಪ — ಸಿರಿಂಜಿಗೆ ನಿಧಾನ ಏರುತ್ತದೆ. ಶೀಸೆಯನ್ನು ಅಂಗೈಗಳ ನಡುವೆ ಉಜ್ಜಿ ಬೆಚ್ಚಗೆ ಮಾಡಿದರು.

"ಉಸಿರ ಬಿಗಿ ಹಿಡೀಬ್ಯಾಡವಾ. ಕಾಲ ಸಡ್ಲ ಬಿಡು." ಆಮೇಲೆ ನಾಲಿಗೆ ಕಚ್ಚಿಕೊಂಡು, "ಹಿಡೀಬ್ಯಾಡಪಾ," ಅಂದರು.

ಬರುವಾಗ ಕುಂಟುತ್ತ ಬಂದೆ. ಸುಖದ ಕುಂಟು.

ಆದ ಬದಲಾವಣೆ ಬರೆದಿಡು ಎಂದು ಡಾಕ್ಟರು ಹೇಳಿದ್ದಾರೆ. ಅವರಿಗೆ ತೋರಿಸುವ ಹಾಳೆ ಬೇರೆ. ಈ ವಹಿ ನನಗೆ.

ಹಸಿವು. ನಿನ್ನೆ ಐದು ರೊಟ್ಟಿ. ಹಣೆಯ ಮೇಲೆ ಮೂರು ಮೊಡವೆ, ಇಪ್ಪತ್ತೇಳನೇ ವಯಸ್ಸಿಗೆ. ಮತ್ತೇನಿಲ್ಲ.

13 ಜುಲೈ, ಗುರುವಾರ

ಮುಂಜಾನೆ ಆರಕ್ಕೆ ಡ್ಯೂಟಿ. ಗೋಕಾಕ ಬಸ್ ಸ್ಟ್ಯಾಂಡಿನ ಮೈಕ್ ರೂಮು ಎಂದರೆ ಕಂಟ್ರೋಲರ್ ಆಫೀಸಿನ ಬಾಜೂ ಪ್ಲೈವುಡ್ ಹಾಕಿ ಮಾಡಿದ ಗೂಡು. ಒಂದು ಕುರ್ಚಿ, ಒಂದು ಫ್ಯಾನು, ಕಿಟಕಿ. ಕಂಟ್ರೋಲರ್ ಮುರಿಗೆಪ್ಪ ಆ ಕಿಟಕಿಯಿಂದ ಚೀಟಿ ಕೊಡುತ್ತಾರೆ, ನಾನು ಓದುತ್ತೇನೆ. ಮೂಡಲಗಿ, ಅರಭಾವಿ, ಅಂಕಲಗಿ, ಹುಕ್ಕೇರಿ. ಬಸ್ಸಿಗೂ ಬಸ್ಸಿಗೂ ನಡುವೆ ಜಾಹೀರಾತು — ಸೀರೆ, ಬೀಜ, ಕರದಂಟು. ಜಾಹೀರಾತಿನ ಕಾಂಟ್ರ್ಯಾಕ್ಟು ಶಿದ್ಲಿಂಗಪ್ಪನವರದು. ಪಗಾರವೂ ಅವರದೇ. ನಾಲ್ಕು ವರ್ಷ ಆಯಿತು. ಈ ಊರಿಗೆಲ್ಲ ನನ್ನ ದನಿ ಗೊತ್ತು, ಮುಖ ಗೊತ್ತಿಲ್ಲ.

ಆ ದನಿ ಹೋಗಲಿದೆ. ಅದು ಗೊತ್ತಿದ್ದೇ ಸೂಜಿ ಹಾಕಿಸಿಕೊಳ್ಳಲು ಶುರು ಮಾಡಿದೆ. ಕೆಲಸ ಹೋದರೆ ಏನು ಎಂದು ಡಾಕ್ಟರು ಕೇಳಿದ್ದರು. ಸೂಜಿ ಯಾವಾಗ ಎಂದು ಕೇಳಿದೆ ನಾನು.

23 ಜುಲೈ, ರವಿವಾರ

ಮಿರಜ. ಘಟಪ್ರಭಾದಿಂದ ರೈಲು. ಪರೀಕ್ಷೆಗೆ ರಕ್ತ ಕೊಟ್ಟು ಬಂದೆ. ಎಲ್ಲ ಸರಿ ಇದೆಯಂತೆ.

ಅಲ್ಲಿಗೆ ಮೊದಲ ಸಲ ಹೋದ ದಿನ ನೆನಪಾಯಿತು. ಮಾರ್ಚ್ ತಿಂಗಳು. ಪುಣೆಯ ಮನೋವೈದ್ಯರು ಈ ಔಷಧಕ್ಕೆ ಒಪ್ಪಿ ಬರೆದ ಪತ್ರ ಕಿಸೆಯಲ್ಲಿತ್ತು, ಆದರೆ ಬಾಯಿ ತೆರೆಯಲು ಧೈರ್ಯ ಇರಲಿಲ್ಲ. ಎಲ್ಲಿಂದ ಬಂದಿರಿ ಎಂದು ಡಾಕ್ಟರು ಮರಾಠಿಯಲ್ಲಿ ಕೇಳಿದರು. ಕನ್ನಡವಾಗಿದ್ದರೆ "ಬಂದೆ" ಅಂದರೆ ಮುಗಿಯುತ್ತಿತ್ತು, ಗಂಡೂ ಅಲ್ಲ ಹೆಣ್ಣೂ ಅಲ್ಲ. ಮರಾಠಿಯಲ್ಲಿ ಹಾಗೆ ತಪ್ಪಿಸಿಕೊಳ್ಳಲಾಗದು. ಹೆಣ್ಣಾದರೆ ಆಲೇ, ಗಂಡಾದರೆ ಆಲೋ. ಮರಾಠಿ ಮಾತಾಡಿದಾಗಲೆಲ್ಲ "ಆಲೇ" ಅಂದ ಬಾಯಿ.

"ಮೀ ಗೋಕಾಕಹೂನ್ ಆಲೋ," ಅಂದೆ.

ಅವರು ತಲೆ ಎತ್ತಿ ನೋಡಿದರು. "ನಾವ್?" ಹೆಸರು ಕೇಳಿದರು. ಹಳೆಯ ಕಾಗದದಲ್ಲೆಲ್ಲ ತ್ರಿಶಲಾ ಜಿನಪ್ಪ. "ನೇಮಿನಾಥ," ಅಂದೆ. ಬರೆದುಕೊಂಡರು. ಅಷ್ಟೇ.

30 ಜುಲೈ, ರವಿವಾರ

ಮೂರನೇ ಸೂಜಿ. ಈ ತಿಂಗಳು ಮುಟ್ಟು ಬರಲಿಲ್ಲ. ಬರೆಯಲು ಎರಡು ದಿನ ಹೆದರಿದೆ, ಬರೆದರೆ ಬಂದುಬಿಡುತ್ತದೆ ಎಂಬಂತೆ.

7 ಆಗಸ್ಟ್, ಸೋಮವಾರ

ಹೊಳೆ ತುಂಬಿ ಸೇತುವೆ ಮೇಲೆ ನೀರು. ಅರ್ಧ ಬಸ್ಸು ರದ್ದು. ಸ್ಟ್ಯಾಂಡಿನ ತುಂಬ ಜನ, ಮಕ್ಕಳು, ಚೀಲ, ಒಂದು ಆಡು. ಮುಂಜಾನೆಯಿಂದ ಮೈಕ್ ಬಿಟ್ಟು ಏಳಲಿಲ್ಲ. ಯಾವ ಬಸ್ಸು ಯಾವ ಹಾದಿಗೆ ಸುತ್ತಿ ಹೋಗುತ್ತದೆ ಎಂದು ಹೇಳಿದ್ದೇ ಹೇಳಿದ್ದು.

ಮಧ್ಯಾಹ್ನ ಎರಡೂವರೆ. "ಹುಕ್ಕೇರಿಗೆ ಹೋಗುವ ಪ್ರಯಾಣಿಕರು—" ಎನ್ನುವಷ್ಟರಲ್ಲಿ ದನಿ ಒಡೆಯಿತು. ಮೊದಲು ಮೇಲಕ್ಕೆ ಕೀರಿತು, ಆಮೇಲೆ ಧೊಪ್ಪೆಂದು ಕೆಳಗೆ ಬಿತ್ತು. ಇಡೀ ಸ್ಟ್ಯಾಂಡು ನಕ್ಕಿತು. ಬೆಳಗಿನಿಂದ ನೆನೆದು ಕೂತ ಜನ, ನಗಲಿ ಬಿಡು.

ನೀರು ಕುಡಿದು ಮತ್ತೆ ಶುರು ಮಾಡಿದೆ. ಕೆಳಗೆ ಬಿದ್ದ ದನಿ ಅಲ್ಲೇ ಇತ್ತು. ಅದರಲ್ಲೇ ಮುಗಿಸಿದೆ.

12 ಆಗಸ್ಟ್, ಶನಿವಾರ

ಶಿದ್ಲಿಂಗಪ್ಪ ಬಂದಿದ್ದರು. ಇವತ್ತಲ್ಲ ನಾಳೆ ಬರುತ್ತಾರೆಂದು ಕಾಯುತ್ತಿದ್ದೆ.

"ಏನವಾ, ವಾರ ಆತು, ಗಂಟಲ ಇನ್ನೂ ಬಿದ್ದs ಐತಿ? ಸೀರಿ ಅಂಗಡಿಯವರು ಫೋನ್ ಮಾಡಿದ್ರು. ಗಂಡಸು ಸೀರಿ ಮಾರಿದಂಗ ಕೇಳಸಾಕತ್ತೈತಿ ಅಂತಾರ."

ಥಂಡಿ ಎನ್ನಬಹುದಿತ್ತು. ಇನ್ನೊಂದು ವಾರ ಸಿಗುತ್ತಿತ್ತು.

"ಇದು ಆರಾಮ ಆಗೋದಲ್ರಿ ಸಾಹೇಬ್ರ. ಡಾಕ್ಟರ್ ಔಷಧ ನಡದೈತಿ. ದನಿ ಬದಲಿ ಆಗಲಿ ಅಂತs ತಗೊಳ್ಳಾಕತ್ತೇನಿ. ಇನ್ನ ಮುಂದ ನಾ ಹಿಂಗs ಇರಾಂವ."

ಅವರು ನನ್ನ ಕತ್ತರಿಸಿದ ಕೂದಲು ನೋಡಿದರು, ಶರ್ಟು ನೋಡಿದರು. ನಾಲ್ಕು ವರ್ಷದಿಂದ ನೋಡಿದ್ದೇ. ಬಾಯಿಯೊಳಗಿನ ಎಲೆ-ಅಡಿಕೆ ಬಾಜೂ ಸರಿಸಿ, "ಇಂಥಾದ್ದೂ ಇರತೈತೇನ..." ಅಂದರು. ಸಿಟ್ಟಿಲ್ಲ. ಲೆಕ್ಕ ತಪ್ಪಿದವರ ಹಾಗೆ.

ಕಿಟಕಿಯಿಂದ ಮುರಿಗೆಪ್ಪ ತಲೆ ಹಾಕಿದರು. ಎಲ್ಲ ಕೇಳಿಸಿಕೊಂಡಿದ್ದರು ಅನಿಸುತ್ತದೆ. "ಮೊದಲಿನ ದನಿ ಆರನೇ ಪ್ಲಾಟ್‌ಫಾರ್ಮಿಗೆ ಮುಟ್ಟತಿದ್ದಿಲ್ಲರಿ. ಈಗ ರಿಕ್ಷಾ ಸ್ಟ್ಯಾಂಡಿನ ತನಕ ಕೇಳತೈತಿ. ನಂಗಂತೂ ಇದ ಬೇಸಿ."

ಶಿದ್ಲಿಂಗಪ್ಪ ಹೊರಗೆ ಹೋಗಿ ಉಗುಳಿ ಬಂದು ತೀರ್ಮಾನ ಹೇಳಿದರು. ಜಾಹೀರಾತಿಗೆ ಕಾಲೇಜಿನ ಹುಡುಗಿ ಮೇಘಾ ಬಂದು ಕ್ಯಾಸೆಟ್ ಮಾಡಿಕೊಡುತ್ತಾಳೆ. ಬಸ್ಸು ಹೇಳುವುದು ನನಗೆ. ಪಗಾರ ಸ್ವಲ್ಪ ಕಡಿಮೆ. ಆಗಲಿ ಅಂದೆ.

20 ಆಗಸ್ಟ್, ರವಿವಾರ

ನಾಲ್ಕನೇ ಸೂಜಿ. ನಿನ್ನೆ ಒಬ್ಬ ಮುದುಕಿ ಕಿಟಕಿ ಬಡಿದು ಕೇಳಿದಳು: "ಯಣ್ಣಾ, ಅಂಕಲಗಿ ಬಸ್ಸ ಹೋತೇನ?"

ಹೋಗಿಲ್ಲ ಅಜ್ಜಿ, ಕೂಡ್ರು, ನಾನೇ ಹೇಳುತ್ತೇನೆ ಅಂದೆ. ಬಸ್ಸು ಬಂದಾಗ ಎದ್ದು ಹೋಗಿ ಕೈಹಿಡಿದು ಹತ್ತಿಸಿದೆ. ಅಷ್ಟೊಂದು ಮಾಡಬೇಕಿರಲಿಲ್ಲ.

26 ಆಗಸ್ಟ್, ಶನಿವಾರ

ಮೂಡಲಗಿಯಿಂದ ಅವ್ವನ ಫೋನು. "ಇನ್ನೂ ಥಂಡಿ ಹೋಗಿಲ್ಲೇನ? ಯಾರೋ ಬ್ಯಾರೇದವರು ಎತ್ತಿದ್ರು ಅನ್ಕೊಂಡೆ." ಸೋಮವಾರದಿಂದ ದಶಲಕ್ಷಣ ಪರ್ವ. ಅವಳಿಗೆ ಹತ್ತು ದಿನ ಒಂದೇ ಊಟದ ವ್ರತ. ಪರ್ವ ಮುಗಿದು ಎಲ್ಲರೂ ಎಲ್ಲರ ಕ್ಷಮೆ ಕೇಳುವ ಕ್ಷಮಾವಣಿಗೆ ಮನೆಗೆ ಬಾ ಅಂದಳು. ಬರುತ್ತೇನೆ ಅಂದೆ.

ಫೋನಿಟ್ಟ ಮೇಲೆ ಅನಿಸಿತು — ಅವಳಿಗೆ ಸುಳ್ಳು ಹೇಳಲು ಶುರು ಮಾಡಿ ಮೂರು ವಾರವಾಗುತ್ತ ಬಂತು.

8 ಸೆಪ್ಟೆಂಬರ್, ಶುಕ್ರವಾರ. ಮೂಡಲಗಿ

ಹೇಳಿದೆ.

ಅವ್ವ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಅಪ್ಪ ಬಸದಿಗೆ ಹೋಗಿದ್ದ. ತಂಗಿ ಭಕ್ತಿ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು.

"ಅವ್ವಾ, ಇದು ಥಂಡಿ ಅಲ್ಲ. ಸೂಜಿ ಹಾಕಿಸ್ಕೊಳ್ಳಾಕತ್ತೇನಿ. ಗಂಡಸರ ಮೈಯಾಗ ಇರತೈತಲ್ಲ, ಅದರದ್ದು."

ಕೈ ನಿಂತಿತು. ನಾನು ಹೀಗೆ ಎಂಬುದು ಅವಳಿಗೆ ಹೊಸದಲ್ಲ. ಮೂರು ವರ ಬೇಡ ಅಂದದ್ದು, ಏಳನೇ ಇಯತ್ತೆಯಲ್ಲಿ ಜಡೆ ಕತ್ತರಿಸಿಕೊಂಡು ಬಂದದ್ದು, ಅವಳ ಮಡಿಲಲ್ಲಿ ಅತ್ತದ್ದು — ಎಲ್ಲ ಅವಳಿಗೆ ಗೊತ್ತು. ಸೂಜಿ ಮಾತ್ರ ಹೊಸದು.

ಮೊರ ಕೆಳಗಿಟ್ಟು ಕೇಳಿದಳು: "ಅದರಾಗ ಪ್ರಾಣಿದ್ದೇನರ ಐತೇನ?"

ಇದೊಂದು ಪ್ರಶ್ನೆಗೆ ನಾನು ತಯಾರಿದ್ದೆ. ಡಾಕ್ಟರನ್ನು ಮೊದಲೇ ಕೇಳಿದ್ದೆ. "ಇಲ್ಲವಾ. ಯಾವುದೋ ಕಾಡಗೆಣಸಿನಿಂದ ತಗೀತಾರಂತ. ಶೇಂಗಾ ಎಣ್ಣ್ಯಾಗ ಕೂಡಸತಾರ."

"ಗೆಣಸೇನ! ನೆಲದಾಗಿನ ಗಡ್ಡಿ?" ಎರಡೂ ಕೈ ಹಣೆಗೆ ಹೋದವು. ಗಡ್ಡೆಗೆಣಸು ನಮ್ಮ ಮನೆಯ ಹೊಸ್ತಿಲು ದಾಟಿದ್ದಿಲ್ಲ. "ಈ ಹತ್ತ ದಿನದಾಗ ತಗೊಂಡಿಯೇನ?"

"ಇಲ್ಲ. ಇಪ್ಪತ್ತಕ್ಕ ಆಗಿತ್ತು. ಇನ್ನ ನಾಡದ."

"ಹಂಗಾದ್ರ ಆತು," ಅಂದಳು. ಮತ್ತೆ ಅಕ್ಕಿ ಆರಿಸತೊಡಗಿದಳು. ಕಣ್ಣೀರು ಮೊರದಲ್ಲಿ ಬೀಳುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಸಂಜೆ ಅಪ್ಪನಿಗೆ ಒಳಕೋಣೆಯಲ್ಲಿ ಅವಳೇ ಹೇಳಿದಳು. ಹೊತ್ತು ಮುಳುಗುವ ಮೊದಲು ಅವನು ಉಂಡ. ಆಮೇಲೆ ಪ್ರತಿ ವರ್ಷದಂತೆ ಎಲ್ಲರಿಗೂ ಕೈಮುಗಿದ — ಅವ್ವನಿಗೆ, ಭಕ್ತಿಗೆ, ನನಗೆ. "ಉತ್ತಮ ಕ್ಷಮಾ. ತಪ್ಪಾಗಿದ್ರ ಕ್ಷಮಾ ಮಾಡ್ರಿ." ನನ್ನ ಸರದಿ ಬಂದಾಗ ನೆಲ ನೋಡುತ್ತಿದ್ದ. ಚಪ್ಪಲಿ ಮೆಟ್ಟಿ ತನ್ನ ಬೆಲ್ಲದ ಅಂಗಡಿಗೆ ಹೋದ.

10 ಸೆಪ್ಟೆಂಬರ್, ರವಿವಾರ

ಐದನೇ ಸೂಜಿ. ಗದ್ದದ ಕೆಳಗೆ ನಾಲ್ಕು ಕೂದಲು. ಎಣಿಸಿದೆ.

24 ಸೆಪ್ಟೆಂಬರ್, ರವಿವಾರ

ಅವ್ವನ ಫೋನು. ಭಕ್ತಿಗೆ ಹುಕ್ಕೇರಿಯ ಸಂಬಂಧ ಬಂದಿದೆ. ಹುಡುಗ ಪ್ರತೀಕ, ಹೈಸ್ಕೂಲ್ ಮಾಸ್ತರ. ಮುಂದಿನ ವಾರ ನೋಡಲು ಬರುತ್ತಾರೆ.

"ನೀ ಬರಬ್ಯಾಡ ಅನ್ನೂದಿಲ್ಲ... ಡ್ಯೂಟಿ ಐತಿ ಅಂತೀವಿ. ಇನ್ನೊಂದು ಮಾತು. ಮದವಿ ಮುಗಿಯೋತನ ಆ ಸೂಜಿ ನಿಲ್ಲಸು. ನಾಲ್ಕ ತಿಂಗಳ ಅಷ್ಟ. ಮಾರಿ ಮ್ಯಾಲ ಕೂದಲಾ ಬಂತಂದ್ರ ನಾ ಮಂದಿಗೆ ಏನ ಹೇಳ್ಲಿ? ತಂಗಿಗಾಗಿ ನಿಲ್ಲಸು."

ಭಕ್ತಿಯನ್ನು ಎತ್ತಿ ಆಡಿಸಿದ ಕೈ ಇವು. ಆಯಿತವ್ವಾ ಅಂದೆ.

1 ಅಕ್ಟೋಬರ್, ರವಿವಾರ

ರಜೆ ಇದ್ದರೂ ಡ್ಯೂಟಿಗೆ ಬಂದೆ. ಒಂಬತ್ತಕ್ಕೆ ಗೋಕಾಕ ಫಾಲ್ಸ್ ಬಸ್ಸನ್ನು ನಾನೇ ಕೂಗಿದೆ. ಎರಡು ಸಲ. ಬಸ್ಸು ಹೋಯಿತು.

17 ಅಕ್ಟೋಬರ್, ಮಂಗಳವಾರ

ಬರೆಯಲು ಏನೂ ಇರಲಿಲ್ಲ. ಇವತ್ತು ಇದೆ.

ಹನ್ನೊಂದು ಗಂಟೆಗೆ ಮುಟ್ಟು ಬಂತು. ಪ್ಯಾಂಟು ಕೆಟ್ಟಿತು. ಶಾಲು ಸುತ್ತಿಕೊಂಡು ಬಾಡಿಗೆ ರೂಮಿಗೆ ಹೋಗಿ ಬಂದೆ. ಅಳಲಿಲ್ಲ. ನೀರು ಕಾಯಿಸಿ ಸ್ನಾನ ಮಾಡಿದೆ, ಪ್ಯಾಂಟು ಒಗೆದು ಹರವಿದೆ, ಹೊಟ್ಟೆ ಹಿಡಿದುಕೊಂಡು ಸ್ವಲ್ಪ ಹೊತ್ತು ಗೋಡೆಗೆ ಒರಗಿದೆ. ಸಂಜೆತನಕ ಬಸ್ಸು ಹೇಳಿದೆ. ದನಿ ಮಾತ್ರ ನನ್ನ ಕಡೆಗಿತ್ತು.

ಇದನ್ನು ನಾಲ್ಕು ತಿಂಗಳು ಮಾಡಲು ನನ್ನಿಂದ ಆಗುವುದಿಲ್ಲ.

22 ಅಕ್ಟೋಬರ್, ರವಿವಾರ

ಗೌರವ್ವ ಸಿಸ್ಟರ್ ಬಾಗಿಲಲ್ಲೇ ಹಿಡಿದರು. "ದೀಪಾವಳಿ ಫರಾಳ ತಿನ್ನಾಕ ಬಂದಿಯೇನ, ಸೂಜಿಗೆ ಬಂದಿಯೇನ? ಮೂರ ವಾರ ಎಲ್ಲಿ ಹೋಗಿದ್ದಿ?"

ಹೇಳಿದೆ. ತಂಗಿಯ ಮದುವೆ, ಅವ್ವನ ಮಾತು.

"ತಂಗಿ ಅಂದಳೇನ ನಿಲ್ಲಸು ಅಂತ?"

"ಇಲ್ರಿ. ಆಕಿಗೆ ಗೊತ್ತಿಲ್ಲ."

"ಆಕಿ ಹೆಸರ ಮ್ಯಾಲ ನಿಲ್ಲಸೀ, ಆಕೀನ್ನs ಕೇಳಿಲ್ಲ. ಶಾಣ್ಯಾ ಅದೀ." ಶೀಸೆಯನ್ನು ಅಂಗೈಯಲ್ಲಿ ಉಜ್ಜತೊಡಗಿದರು. "ನಾ ಹಾಕೂದ ಹಾಕ್ತೇನಿ. ಆದ್ರ ಮಿರಜಕ್ಕ ಫೋನ್ ಮಾಡಿ ತಪ್ಪಿದ್ದು ಹೇಳು. ಮತ್ತ ಆ ಹುಡಿಗಿ ಜೋಡಿ ಮಾತಾಡು."

ಆರನೇ ಸೂಜಿ. ಎಡಕ್ಕೆ.

5 ನವೆಂಬರ್, ರವಿವಾರ

ಭಕ್ತಿ ತಾನೇ ಬಂದಳು. ಎರಡು ವಾರ ಹೆದರಿ ಕೂತು, ಮೊನ್ನೆ ಫೋನಿನಲ್ಲಿ ಅರ್ಧ ಹೇಳಿದ್ದೆ. ಉಳಿದರ್ಧ ಕೇಳಲು ಬಸ್ಸು ಹತ್ತಿ ಬಂದಿದ್ದಾಳೆ. ಕ್ಯಾಂಟೀನಿನಲ್ಲಿ ಕೂತೆವು. ಚಹಾ ಆರಿಹೋಯಿತು.

"ನನ್ನ ಹೆಸರ ಹೇಳಿ ನೀ ಯಾಕ ನಿಲ್ಲಸ್ಬೇಕಿತ್ತು? ನಾ ಕೇಳಿದ್ನೇನ? ನಾಳೆ ನಿಂಗೇನರ ಆಗಿದ್ರ ಅದೂ ನನ್ನ ತಲಿಮ್ಯಾಗ?" ಬಾಜೂ ಟೇಬಲ್ಲಿನವರು ತಿರುಗಿ ನೋಡುವಷ್ಟು ಸಿಟ್ಟು.

ಆಮೇಲೆ ಮೆಲ್ಲಗೆ ಹೇಳಿದಳು — ಪ್ರತೀಕನಿಗೆ ನನ್ನ ವಿಷಯ ಹೇಳಿಬಿಟ್ಟಿದ್ದಾಳೆ. ಅವನು, "ನಾ ಹಿಂದ ಸರಿಯಂಗಿಲ್ಲ. ಆದ್ರ ನಮ್ಮಪ್ಪಗ ಹೇಳೋ ಧೈರ್ಯ ನಂಗಿಲ್ಲ," ಅಂದನಂತೆ.

"ಖರೆ ಹೇಳಿದ್ನಲ್ಲ, ಅದಕ್ಕs ಚಲೋ ಅನಿಸ್ತು," ಅಂದಳು ಭಕ್ತಿ. ಹುಕ್ಕೇರಿಯವರಿಗೆ ಅವಳು ಒಪ್ಪಿಗೆಯಾಗಿದ್ದಾಳೆ; ಹತ್ತೊಂಬತ್ತಕ್ಕೆ ನಮ್ಮವರು ಅಲ್ಲಿಗೆ ಮನೆ ನೋಡಲು ಹೋಗಬೇಕು. "ನೀನೂ ಹೋಗಬೇಕು. ಹೋಗಲಿಲ್ಲಂದ್ರ ನಾ ಹ್ಞೂಂ ಅನ್ನಂಗಿಲ್ಲ. ಅವ್ವಗ ಹೇಳೀನಿ."

15 ನವೆಂಬರ್, ಬುಧವಾರ

ಏಳನೇ ಸೂಜಿ ರವಿವಾರ ಆಯಿತು. ಅವ್ವ ಒಪ್ಪಿದಳು, ಒಂದು ಷರತ್ತಿನ ಮೇಲೆ. ಹುಕ್ಕೇರಿಯಲ್ಲಿ ಯಾರಾದರೂ ಕೇಳಿದರೆ ನಾನು ಮಿರಜದ ಅತ್ತೆಯ ಮಗ. ಹಿರಿಯ ಮಗಳಿಗೆ ರಜೆ ಸಿಕ್ಕಿಲ್ಲ.

ಹೇಗಿದ್ದರೂ "ಮಗ" ಆದೆನಲ್ಲ, ಯಾರದ್ದೋ. ಒಪ್ಪಿದೆ. ಭಕ್ತಿಗೆ ಹೇಳಲಿಲ್ಲ.

19 ನವೆಂಬರ್, ರವಿವಾರ. ಸಂಜೆ

ಇದನ್ನು ನಿಧಾನ ಬರೆಯಬೇಕು.

ಅಪ್ಪ ಅವ್ವ ಮೂಡಲಗಿಯಿಂದ ಬಂದರು. ಗೋಕಾಕದಲ್ಲಿ ಹುಕ್ಕೇರಿ ಬಸ್ಸು ಹಿಡಿದೆವು. ಅವ್ವನಿಗೆ ಹೆಂಗಸರ ಕಡೆ ಸೀಟು ಸಿಕ್ಕಿತು. ಅಪ್ಪನ ಬಾಜೂ ನಾನು. ಕ್ಷಮಾವಣಿಯ ದಿನದಿಂದ ನಾವು ಮಾತಾಡಿಲ್ಲ. ಅರ್ಧ ತಾಸು ಕಿಟಕಿಯಾಚೆಯ ಕಬ್ಬು ನೋಡಿದ.

ಆಮೇಲೆ, ಕಬ್ಬಿಗೇ ಹೇಳುವಂತೆ: "ಆ ಸೂಜಿ ಭಾಳ ನೋಯತೈತೇನ?"

"ಒಂದ ದಿನ ಅಪ್ಪಾ. ಆಮ್ಯಾಲ ಏನಿಲ್ಲ."

"ಹ್ಞೂಂ."

ಹುಕ್ಕೇರಿಯ ಮನೆ ದೊಡ್ಡದು, ಅಂಗಳಕ್ಕೆ ಫರ್ಶಿ ಕಲ್ಲು. ಶಿರಾ, ಉಪ್ಪಿಟ್ಟು. ಪ್ರತೀಕ ತೆಳ್ಳಗೆ, ಕನ್ನಡಕ. ನನ್ನನ್ನು ಒಮ್ಮೆ ನೋಡಿ ಬೇಗ ಕಣ್ಣು ತೆಗೆದ. ಅವನಪ್ಪ ಮಳೆ, ಬೆಲ್ಲದ ದರ ಎಲ್ಲ ಮಾತಾಡಿದರು. ಮೂಲೆಯಲ್ಲಿ ಪ್ರತೀಕನ ಅಜ್ಜಿ ಜಪಮಾಲೆ ಹಿಡಿದು ಕೂತಿದ್ದಳು. ಮಣಿ ಎಣಿಸುತ್ತಲೇ ಕೇಳಿದಳು:

"ನಿಮಗ ಹಿರೇ ಮಗಳು ಒಬ್ಬಾಕಿ ಅದಾಳಂತಲ್ರಿ. ಆಕಿ ಬರಲಿಲ್ಲೇನ?"

ಅವ್ವ ಸೆರಗು ಸರಿಮಾಡಿಕೊಂಡಳು. ಕಲಿತ ಪಾಠ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಪ್ಪ ಚಮಚ ಕೆಳಗಿಟ್ಟ.

"ಬಂದಾನ್ರಿ," ಅಂದ. "ಇಲ್ಲೇ ಕುಂತಾನ."

ಅಜ್ಜಿಯ ಕೈಯಲ್ಲಿ ಮಣಿ ನಿಂತಿತು. ಅಪ್ಪನ ಕಿವಿ ಕೆಂಪಾಗಿತ್ತು, ಆದರೆ ತಲೆ ಬಗ್ಗಿಸಲಿಲ್ಲ. "ಹುಟ್ಟಿದಾಗ ಹೆಣ್ಣ ಅಂತ ಬರಸಿದ್ವಿ. ಹಂಗ ಇದ್ದಿಲ್ಲ. ನಮಗ ತಿಳಿಯಾಕ ಭಾಳ ದಿನ ಹಿಡೀತು. ಡಾಕ್ಟರ್ ಔಷಧ ನಡದೈತಿ. ಮಗಳನ್ನ ಕೊಡೂ ಮನ್ಯಾಗ ಸುಳ್ಳ ಹೇಳಿ ಹೋಗಾಕ ನಂಗ ಆಗೂದಿಲ್ರಿ. ನೀವು ಬ್ಯಾಡಂದ್ರೂ ನಡೀತೈತಿ."

ಪ್ರತೀಕನಪ್ಪ ಮೀಸೆ ಮೇಲೆ ಕೈಯಾಡಿಸಿದರು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಸೊಸೆಯ ಕಡೆ ತಿರುಗಿ, "ಅವರ ತಾಟ ಖಾಲಿ ಆಗೇತಿ, ಶಿರಾ ಹಾಕ," ಅಂದಳು. ಶಿರಾ ಬಂತು. ತಿಂದೆ.

ಹೊರಡುವಾಗ, "ವಿಚಾರ ಮಾಡಿ ತಿಳಸ್ತೀವ್ರಿ," ಅಂದರು ಪ್ರತೀಕನಪ್ಪ. ಬಾಗಿಲತನಕ ಬರಲಿಲ್ಲ. ಪ್ರತೀಕ ಬಸ್ ಸ್ಟ್ಯಾಂಡಿನವರೆಗೆ ಬಂದ.

ಬಸ್ಸಿನಲ್ಲಿ ಅವ್ವ ಅತ್ತಳು. ಸಂಬಂಧ ಕಳೆದಿರಿ ಅಂದಳು ಅಪ್ಪನಿಗೆ. ಅವಳ ಹೆದರಿಕೆ ಸುಳ್ಳಲ್ಲ.

ಆದರೂ — ಬಂದಾನ ಅಂದ. ಅಪ್ಪ.

27 ನವೆಂಬರ್, ಸೋಮವಾರ

ಹುಕ್ಕೇರಿಯಿಂದ ಸುದ್ದಿ ಇಲ್ಲ. ಭಕ್ತಿ ಫೋನಿನಲ್ಲಿ ನಗುತ್ತಾಳೆ, ಜಾಸ್ತಿ ನಗುತ್ತಾಳೆ. ಪ್ರತೀಕ ಎರಡು ದಿನ ಮನೆಯಲ್ಲಿ ಉಂಡಿಲ್ಲವಂತೆ. ಅವನ ಚಿಕ್ಕಪ್ಪ ಈ ಮದುವೆಗೆ ತಾನು ಕಾಲಿಡುವುದಿಲ್ಲ ಅಂದಿದ್ದಾನಂತೆ.

3 ಡಿಸೆಂಬರ್, ರವಿವಾರ. ಮೂಡಲಗಿ

ಎಂಟನೇ ಸೂಜಿ ಹಾಕಿಸಿಕೊಂಡು ನೇರ ಇಲ್ಲಿಗೆ ಬಂದೆ. ಭಕ್ತಿ ಕರೆದಿದ್ದಳು. ಕಾಯುವುದು ಒಬ್ಬಳಿಂದ ಆಗುತ್ತಿಲ್ಲ ಅಂದಳು.

ನಾಲ್ಕು ಗಂಟೆಗೆ ಫೋನು. ಅವ್ವ ಎತ್ತಿದಳು. ಪ್ರತೀಕನ ಅವ್ವ. ನಾವೆಲ್ಲ ಸುತ್ತ ನಿಂತೆವು. ಅವ್ವ ಬರೀ "ಹ್ಞೂಂ ರಿ, ಹ್ಞೂಂ ರಿ" ಅನ್ನುತ್ತಿದ್ದಳು. ಮುಖ ನೋಡಿ ಏನೂ ತಿಳಿಯಲಿಲ್ಲ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ಹಾಗೇ ಕೆಳಗೆ ಕೂತಳು. ಭಕ್ತಿಗೆ ಪಿಸುಗುಟ್ಟಿದಳು: ಗಟ್ಟಿ ಆತು. ಫೆಬ್ರುವರಿ.

ಆದರೆ ಫೋನು ಮುಗಿಯಲಿಲ್ಲ. ಆ ಕಡೆಯಿಂದ ಇನ್ನೇನೋ ಕೇಳಿದರು. ಅವ್ವ ನನ್ನ ಕಡೆ ನೋಡಿದಳು. ಭಕ್ತಿ ಸ್ಪೀಕರ್ ಗುಂಡಿ ಒತ್ತಿದಳು.

"—ಅಲ್ರೀ, ಅದಕ್ಕs ಕೇಳಿದೆ. ನಾಳೆ ಮದವಿ ಆಹೇರಿ ಅರಿಬಿ ತರಾಕ ಸಂಕೇಶ್ವರಕ್ಕ ಹೊಂಟೇವಿ. ನಿಮ್ಮ ಹಿರೇದಕ್ಕ ಏನ ತರೋಣ್ರಿ? ಸೀರಿನೋ, ಪ್ಯಾಂಟ್ ಪೀಸೋ? ತಪ್ಪ ತಿಳ್ಕೋಬ್ಯಾಡ್ರಿ, ನಮ್ಮತ್ತಿ ಕೇಳಿ ತಾ ಅಂದ್ರು."

ಅಪ್ಪ ಬಾಗಿಲಲ್ಲಿ ನಿಂತಿದ್ದ. ಈ ಸಲ ಉತ್ತರ ಅವ್ವನದೇ.

ಅವ್ವ ರಿಸೀವರ್ ಬಾಯಿಗೆ ಹತ್ತಿರ ತಂದಳು. "ಪ್ಯಾಂಟ್ ಪೀಸs ಇರ್ಲಿ ರಿ. ಬಿಳೇದು ಬ್ಯಾಡ. ಬಸ್ ಸ್ಟ್ಯಾಂಡಿನ ಧೂಳಾಗ ಕೆಲಸಾ, ಎರಡ ದಿನಕ್ಕ ಹೊಲಸ ಆಗತೈತಿ. ಬೂದಿ ಬಣ್ಣದ್ದು ಸಿಕ್ರ ನೋಡ್ರಿ. ಮತ್ತ ಶರ್ಟಿಂದು..." ರಿಸೀವರ್ ಮೇಲೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದಳು. ಮೂಗು ಕೆಂಪಾಗಿತ್ತು, ದನಿ ಮಾತ್ರ ಎಂದಿನ ಗದರುವ ದನಿ. "ಲಗೂ ಹೇಳು. ಚೆಕ್ಸ್ ಬೇಕೋ, ಪ್ಲೇನೋ?"

ಚೆಕ್ಸ್ ಅಂದೆ. ಅವ್ವ ಫೋನಿನಲ್ಲಿ ಅದನ್ನೇ ಹೇಳಿದಳು: "ಚೆಕ್ಸ್ ಅಂತಾನ ರಿ."